90 ದಾಟಿದ್ರೆ ಸ್ಟೇರಿಂಗ್ ಅದುರುತ್ತಾ? ದುಡ್ಡು ಕೊಡೋ ಮೊದಲು ಈ ಮೂರು ಪ್ರಶ್ನೆ ಕೇಳ್ಕೊಳ್ಳಿ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಕೇಳಬೇಕು ಅಂದ್ರೆ ಮೇಲಿನ ಪ್ಲೇ ಬಟನ್ ಒತ್ತಿ. ಗಾಡಿ ಓಡಿಸ್ತಾ ಇದ್ರೆ ಓದೋಕೆ ಹೋಗ್ಬೇಡಿ, ಕೇಳಿ ಸಾಕು.

ರಾಮನಗರದಿಂದ ಮಾತಾಡ್ತಾ ಇದ್ದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಓದಿದ್ದು ಬಿಕಾಂ. ಆದ್ರೆ ಈ ವಿಷಯಕ್ಕೆ ನನ್ನ ಜೇಬಿಂದ ದುಡ್ಡು ಹೋಗಿದೆ. ದುಡ್ಡಿಗಿಂತ ಹೆಚ್ಚಾಗಿ, ಗಾಡಿಯಲ್ಲಿ ಅಪ್ಪ, ಅಮ್ಮ, ಅಜ್ಜಿ ಮೂರೂ ಜನ ಇದ್ರು. ಅದಕ್ಕೇ ಈ ಸಂಚಿಕೆ.

ನಡೆದಿದ್ದು ಇಷ್ಟು. ಮೈಸೂರಲ್ಲಿರೋ ತಂಗಿ ಮನೆಗೆ ಹೊರಟಿದ್ವಿ. ನಮ್ಮದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು. ಊರೊಳಗೆ ಓಡಿಸುವಾಗ ಒಂದು ಸಣ್ಣ ತಕರಾರೂ ಇರಲಿಲ್ಲ. ಎಕ್ಸ್‌ಪ್ರೆಸ್‌ವೇ ಹತ್ತಿ, ಚನ್ನಪಟ್ಟಣ ಬೈಪಾಸ್‌ನಲ್ಲಿ 85 ಮುಟ್ಟಿದಾಗ ಸ್ಟೇರಿಂಗ್ ಕೈಯಲ್ಲಿ ಸಣ್ಣಗೆ ನಡುಗೋಕೆ ಶುರುವಾಯ್ತು. 90ಕ್ಕೆ ಚೆನ್ನಾಗೇ ಅದುರ್ತಾ ಇತ್ತು. 100ರ ಹತ್ತಿರ ಹೋದಾಗ ಕಮ್ಮಿ ಆದಂಗೆ ಆಯ್ತು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅಂದ್ರು, "ರೋಡೇ ಹಂಗೈತೆ ಬುಡ್ಲಾ. 80ರಲ್ಲಿ ಹೋಗು, ಸಾಕು."

80ರಲ್ಲಿ ಹೋದೆ. ಅದುರೋದು ನಿಂತುಹೋಯ್ತು. ನಮ್ಮಲ್ಲಿ ಮುಕ್ಕಾಲು ಜನ ಮಾಡೋದು ಇಷ್ಟೇ, ಅಲ್ವಾ? ಅದುರೋ ಸ್ಪೀಡಿಗೆ ಹೋಗಲ್ಲ, ಆಮೇಲೆ ಸಮಸ್ಯೆನೇ ಇಲ್ಲ ಅಂದ್ಕೋತೀವಿ.

ವಾಪಸ್ ಬಂದ ಮೇಲೆ ಒಂದು ಅಂಗಡಿಗೆ ಹೋದೆ. "ಅಲೈನ್‌ಮೆಂಟ್ ಔಟಾಗಿದೆ ಸಾರ್" ಅಂದ್ರು. 450 ರೂಪಾಯಿ ಕೊಟ್ಟೆ. ಅದುರೋದು ಹೋಗಲಿಲ್ಲ. ಇನ್ನೊಂದು ಕಡೆ ಹೋದೆ. ಅಲ್ಲೂ ಅಲೈನ್‌ಮೆಂಟ್ ಮಾಡಿ, ಇನ್ನೊಂದು 450 ತಗೊಂಡು, "ಸಸ್ಪೆನ್ಷನ್ ಕೆಲಸ ಇದೆ, 14 ಸಾವಿರ ಆಗುತ್ತೆ" ಅಂತ ಚೀಟಿ ಬರೆದುಕೊಟ್ರು. ಆ ಚೀಟಿ ಹಿಡ್ಕೊಂಡು ಚನ್ನಪಟ್ಟಣದಲ್ಲಿ ಟೈರ್ ಕೆಲಸ ಮಾಡೋ ನನ್ನ ಪಿಯುಸಿ ಕ್ಲಾಸ್‌ಮೇಟ್ ಹತ್ರ ಹೋದೆ. ಹೆಸರು ಹಾಕಬೇಡ ಅಂದಿದ್ದಾನೆ. ಅವನು ಚೀಟಿ ನೋಡಿ ನಕ್ಕ. "ಲೋ ಮಗಾ, ಅಲೈನ್‌ಮೆಂಟ್‌ಗೂ ಅದುರೋದಕ್ಕೂ ಏನ್ಲಾ ಸಂಬಂಧ? ಚಕ್ರ ಬಿಚ್ಚಿ ನೋಡಿದ್ರಾ ಯಾರಾದ್ರೂ?"

ಯಾರೂ ಬಿಚ್ಚಿರಲಿಲ್ಲ. ಅವನು ಬಿಚ್ಚಿದ. ಮುಂದಿನ ಎಡಗಡೆ ಚಕ್ರ. ಹೊರಗಿಂದ ನೋಡಿದ್ರೆ ಹೊಸದರ ಥರಾನೇ ಇತ್ತು. ಒಳಗಡೆ ರಿಮ್‌ನ ಅಂಚು ಬಗ್ಗಿತ್ತು. ಅದರ ಪಕ್ಕದಲ್ಲೇ ಟೈರ್‌ನ ಗೋಡೆ ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿತ್ತು. ಎರಡು ವಾರದ ಹಿಂದೆ ಮಾಗಡಿ ರಸ್ತೆಯಲ್ಲಿ ರಾತ್ರಿ ಒಂದು ಗುಂಡಿಗೆ ಬಿದ್ದಿದ್ದು ಆಗ ನೆನಪಾಯ್ತು. ಆ ಉಬ್ಬಿದ ಟೈರ್ ಮೇಲೆ ನಾಲ್ಕು ಜನ ಮೈಸೂರಿಗೆ ಹೋಗಿ ಬಂದಿದ್ವಿ.

ಊರಲ್ಲಿ ಇಲ್ಲದ ರೋಗ ಎಕ್ಸ್‌ಪ್ರೆಸ್‌ವೇಲಿ ಯಾಕೆ?

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆಯ್ತು. 119 ಕಿಲೋಮೀಟರ್. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರೋ ಹಾಗಿಲ್ಲ. ಕಾರಿಗೆ ಮಿತಿ 100.

ಅದಕ್ಕೂ ಮೊದಲು ನಾವೆಲ್ಲ ಹೋಗ್ತಿದ್ದಿದ್ದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಊರೊಳಗೆ. ಸಿಗ್ನಲ್, ಹಂಪು, ರಸ್ತೆ ದಾಟೋ ಜನ. ಹತ್ತು ನಿಮಿಷ ಒಂದೇ ಸಮ 90ರಲ್ಲಿ ಓಡಿಸೋ ಜಾಗ ಎಲ್ಲಿತ್ತು? ಕನಕಪುರ, ಮಾಗಡಿ ಕಡೆ ಇವತ್ತಿಗೂ ಬಹಳಷ್ಟು ರಸ್ತೆ ಹಾಗೇ ಇದೆ. 40, 50, ಒಂದು ಗುಂಡಿ, ಮತ್ತೆ 40.

ಅಂದ್ರೆ ನಮ್ಮ ಗಾಡಿ ಪೆಟ್ಟು ತಿನ್ನೋದು ಹಳ್ಳಿ ರಸ್ತೆಯಲ್ಲಿ, ಆ ಪೆಟ್ಟು ಬಾಯಿ ಬಿಡೋದು ಎಕ್ಸ್‌ಪ್ರೆಸ್‌ವೇಯಲ್ಲಿ. ಅದುರೋದು ಶುರುವಾದ ಜಾಗ ಒಂದು, ಕಾರಣ ಹುಟ್ಟಿದ ಜಾಗ ಇನ್ನೊಂದು. ಅದಕ್ಕೇ "ನಿನ್ನೆ ತನಕ ಸರಿ ಇತ್ತು" ಅನ್ನೋ ಮಾತನ್ನ ನಂಬೋಕೆ ಆಗಲ್ಲ. ನಿನ್ನೆ ತನಕ ನೀವು 60 ದಾಟಿರಲಿಲ್ಲ, ಅಷ್ಟೇ.

20 ಗ್ರಾಂ ತೂಕ 3 ಕೆಜಿ ಆಗೋದು ಹೇಗೆ?

ಚನ್ನಪಟ್ಟಣದ ಬುಗುರಿ ಎಲ್ಲರೂ ಆಡಿಸಿರ್ತೀವಿ. ಹಾಲೆ ಮರದ ತುಂಡನ್ನ ಲೇತ್‌ಗೆ ಸಿಕ್ಕಿಸಿ, ತಿರುಗಿಸ್ತಾ ಉಳಿಯಿಂದ ಕೆತ್ತಿ, ಅರಗಿನ ಬಣ್ಣ ಹಾಕ್ತಾರೆ. ಸುತ್ತ ಒಂದೇ ಸಮ ಕೆತ್ತಿದ ಬುಗುರಿ ನಿಂತ ಹಾಗೇ ತಿರುಗುತ್ತೆ. ಅದಕ್ಕೆ ಒಂದು ಕಡೆ ಸ್ವಲ್ಪ ಜೇಡಿಮಣ್ಣು ಅಂಟಿಸಿ ಬಿಡಿ. ಒದ್ದಾಡುತ್ತೆ. ಕಾರಿನ ಚಕ್ರವೂ ಹಾಗೇ.

ಈಗ ಲೆಕ್ಕ ನೋಡಿ. ಸಣ್ಣ ಕಾರಿನ 14 ಇಂಚಿನ ಚಕ್ರ ಒಂದು ಸುತ್ತಿಗೆ ಹತ್ತಿರ ಹತ್ತಿರ 1.9 ಮೀಟರ್ ಹೋಗುತ್ತೆ. 100ರ ವೇಗದಲ್ಲಿ ಅದು ಸೆಕೆಂಡಿಗೆ 14 ಸುತ್ತು ಹೊಡೆಯುತ್ತೆ. ರಿಮ್ ಅಂಚಲ್ಲಿ ಒಂದು ಕಡೆ 20 ಗ್ರಾಂ ತೂಕ ಹೆಚ್ಚಿದೆ ಅಂದ್ಕೊಳ್ಳಿ. ಆ ವೇಗದಲ್ಲಿ ಅದು ಚಕ್ರವನ್ನ ಸುಮಾರು 3 ಕೆಜಿಯಷ್ಟು ಬಲದಿಂದ ಹೊರಗೆ ಎಳೆಯುತ್ತೆ. ಮೇಲಕ್ಕೆ, ಕೆಳಕ್ಕೆ, ಸೆಕೆಂಡಿಗೆ 14 ಸಲ. ಅದೇ ಗಾಡಿ 50ರಲ್ಲಿ ಹೋದ್ರೆ ಬಲ ಕಾಲು ಭಾಗ, ಮುಕ್ಕಾಲು ಕೆಜಿಗಿಂತ ಕಮ್ಮಿ. ವೇಗ ಎರಡು ಪಟ್ಟಾದ್ರೆ ಬಲ ನಾಲ್ಕು ಪಟ್ಟಾಗುತ್ತೆ. ಊರೊಳಗೆ ಗೊತ್ತಾಗದೇ ಇರೋದಕ್ಕೆ ಇದೇ ಕಾರಣ.

ಹಾಗಾದ್ರೆ 100ರ ಹತ್ತಿರ ಯಾಕೆ ಕಮ್ಮಿ ಆಯ್ತು? ಉಯ್ಯಾಲೆ ನೆನಪಿಸ್ಕೊಳ್ಳಿ. ಅದರ ಲಯಕ್ಕೆ ಸರಿಯಾಗಿ ತಳ್ಳಿದ್ರೆ ಸಣ್ಣ ತಳ್ಳಿಗೂ ಎತ್ತರಕ್ಕೆ ಹೋಗುತ್ತೆ. ಲಯ ತಪ್ಪಿಸಿ ತಳ್ಳಿದ್ರೆ ಹೋಗಲ್ಲ. ಸ್ಟೇರಿಂಗ್, ಸಸ್ಪೆನ್ಷನ್‌ಗೂ ಅಂಥ ಒಂದು ಲಯ ಇದೆ. ಎಷ್ಟೋ ಕಾರಲ್ಲಿ ಅದು 80-110ರ ನಡುವೆ ಎಲ್ಲೋ ಚಕ್ರದ ಲಯಕ್ಕೆ ಕೂಡಿಕೊಳ್ಳುತ್ತೆ. ಅದನ್ನ ದಾಟಿದ ಮೇಲೆ ನಿಮ್ಮ ಕೈಗೆ ಅದುರೋದು ಕಮ್ಮಿ. ಚಕ್ರದ ಮೇಲೆ, ಬೇರಿಂಗ್ ಮೇಲೆ ಬೀಳೋ ಪೆಟ್ಟು ಮಾತ್ರ ಏರ್ತಾನೇ ಇರುತ್ತೆ. "ಸ್ಪೀಡ್ ಜಾಸ್ತಿ ಮಾಡಿದ್ರೆ ಸರಿ ಹೋಗುತ್ತೆ" ಅನ್ನೋ ಫ್ರೆಂಡ್ಸ್‌ಗೆ ಇದನ್ನ ಕಳಿಸಿ.

ಮೂರು ಪ್ರಶ್ನೆ

ಗ್ಯಾರೇಜಿಗೆ ಹೋಗಿ "ಗಾಡಿ ಅದುರುತ್ತೆ" ಅಂತಷ್ಟೇ ಹೇಳಿದ್ರೆ, ಡಾಕ್ಟರ್ ಹತ್ರ ಹೋಗಿ "ನೋವಿದೆ" ಅಂದ ಹಾಗೆ. ಎಲ್ಲಿ, ಯಾವಾಗ ಅಂತ ಹೇಳಬೇಕು. ಪಕ್ಕದಲ್ಲಿ ಒಬ್ಬರನ್ನ ಕೂರಿಸ್ಕೊಂಡು, ಬರ್ಕೊಳ್ಳೋ ಕೆಲಸ ಅವರಿಗೆ ಕೊಡಿ.

ಒಂದನೇ ಪ್ರಶ್ನೆ: ಅದುರೋದು ಗಾಡಿಯ ವೇಗಕ್ಕಾ, ಎಂಜಿನ್ ವೇಗಕ್ಕಾ?

80ರಲ್ಲಿ ಐದನೇ ಗೇರಲ್ಲಿ ಅದುರುತ್ತೆ ಅಂದ್ಕೊಳ್ಳಿ. ಅದೇ 80ರಲ್ಲಿ ನಾಲ್ಕನೇ ಗೇರಿಗೆ ಹಾಕಿ. ಎಂಜಿನ್ ಸುತ್ತು ಏರುತ್ತೆ, ಚಕ್ರದ ಸುತ್ತು ಅಷ್ಟೇ ಇರುತ್ತೆ. ಅದುರೋದು ಬದಲಾಗಲಿಲ್ಲ ಅಂದ್ರೆ ಚಕ್ರದ ಕಡೆ ಹುಡುಕಿ. ಬದಲಾಯ್ತು ಅಂದ್ರೆ ಎಂಜಿನ್ ಕಡೆ: ಎಂಜಿನ್ ಮೌಂಟಿಂಗ್ ರಬ್ಬರ್, ಸ್ಪಾರ್ಕ್ ಪ್ಲಗ್, ಕ್ಲಚ್. ಸಿಗ್ನಲ್‌ನಲ್ಲಿ ನಿಂತಾಗಲೂ ಗಾಡಿ ಅದುರಿದ್ರೆ ಅನುಮಾನ ಮೊದಲು ಎಂಜಿನ್ ಮೇಲೆ. ಈ ಪರೀಕ್ಷೆ ಮಾಡೋಕೆ ನ್ಯೂಟ್ರಲ್‌ಗೆ ಹಾಕಿ ಬಿಡೋದು, ಕೀ ಆಫ್ ಮಾಡೋದು ಖಂಡಿತ ಬೇಡ. ಕೀ ಆಫ್ ಆದ್ರೆ ಪವರ್ ಸ್ಟೇರಿಂಗ್ ಇರಲ್ಲ, ಬ್ರೇಕೂ ಕಲ್ಲಾಗುತ್ತೆ.

ಎರಡನೇ ಪ್ರಶ್ನೆ: ಎಲ್ಲಿ ಅದುರುತ್ತೆ?

ಸ್ಟೇರಿಂಗ್ ಅದುರಿದ್ರೆ ಹೆಚ್ಚಾಗಿ ಮುಂದಿನ ಚಕ್ರ. ಸೀಟು, ಕಾಲ ಕೆಳಗಿನ ತಳ ಅದುರಿದ್ರೆ ಹೆಚ್ಚಾಗಿ ಹಿಂದಿನ ಚಕ್ರ. ಬೊಲೆರೊ, ಹಳೇ ಇನ್ನೋವಾ ಥರ ಹಿಂದಿನ ಚಕ್ರಕ್ಕೆ ಶಕ್ತಿ ಹೋಗೋ ಗಾಡಿಗಳಲ್ಲಿ, ತಳ ಅದುರಿದ್ರೆ ಪ್ರೊಪೆಲ್ಲರ್ ಶಾಫ್ಟ್ ಮತ್ತು ಅದರ ಕ್ರಾಸ್ ಕೂಡ ನೋಡಿಸಬೇಕು. ಇನ್ನೂ ಅನುಮಾನ ಇದ್ರೆ ಮುಂದಿನ ಚಕ್ರಗಳನ್ನ ಹಿಂದಕ್ಕೆ, ಹಿಂದಿನದನ್ನ ಮುಂದಕ್ಕೆ ಹಾಕಿಸಿ ಓಡಿಸಿ. ಸ್ಟೇರಿಂಗ್‌ನಲ್ಲಿದ್ದ ನಡುಕ ಸೀಟಿಗೆ ಬಂತು ಅಂದ್ರೆ ದೋಷ ಆ ಚಕ್ರದಲ್ಲೇ ಇದೆ, ಸಸ್ಪೆನ್ಷನ್‌ನಲ್ಲಲ್ಲ. ನನ್ನ 14 ಸಾವಿರದ ಚೀಟಿಗೆ ಈ ಒಂದು ಪರೀಕ್ಷೆ ಸಾಕಾಗಿತ್ತು.

ಮೂರನೇ ಪ್ರಶ್ನೆ: ಏನು ಮಾಡಿದಾಗ ಅದುರುತ್ತೆ?

ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್, ಪೆಡಲ್ ಅದುರಿದ್ರೆ ಬ್ರೇಕ್ ಡಿಸ್ಕ್ ಒಂದೇ ದಪ್ಪ ಇಲ್ಲ ಅಂತ ಅರ್ಥ. ಆಕ್ಸಿಲರೇಟರ್ ಒತ್ತಿದಾಗ ಅದುರಿ, ಕಾಲು ತೆಗೆದ ತಕ್ಷಣ ನಿಂತ್ರೆ ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್ ನೋಡಿಸಿ. ಪೂರ್ತಿ ತಿರುವಿನಲ್ಲಿ ಟಕ್ ಟಕ್ ಸದ್ದು ಬಂದ್ರೆ ಹೊರಗಿನ ಜಾಯಿಂಟ್. ಸ್ಪೀಡ್ ಏರಿದ ಹಾಗೆ ಗುಂಯ್ ಅಂತ ಸದ್ದು ಏರಿ, ರಸ್ತೆ ಒಂದು ಕಡೆ ತಿರುಗಿದಾಗ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಆದ್ರೆ ವೀಲ್ ಬೇರಿಂಗ್. ಏನೂ ಮಾಡದೆ ಒಂದೇ ಸಮ ಓಡಿಸುವಾಗ, ಒಂದೇ ಸ್ಪೀಡಲ್ಲಿ ಅದುರಿದ್ರೆ ಮೊದಲ ಅನುಮಾನ ಬ್ಯಾಲೆನ್ಸಿಂಗ್, ಆಮೇಲೆ ರಿಮ್, ಟೈರ್.

ಅಪ್ಪ ಹೇಳಿದ ಹಾಗೆ ರೋಡಿನದೇ ತಪ್ಪಿರಬಹುದಾ? ಇರಬಹುದು. ಫ್ಲೈಓವರ್ ಜಾಯಿಂಟ್ ಮೇಲೆ ಧಡ್ ಧಡ್ ಅನ್ನೋದು ಎಲ್ಲ ಗಾಡಿಗೂ ಆಗುತ್ತೆ. ಅದು ಆ ಜಾಗಕ್ಕೆ ಮಾತ್ರ ಬಂದು ಹೋಗುತ್ತೆ. ಲೇನ್ ಬದಲಾಯಿಸಿದ್ರೂ, ಹತ್ತು ಕಿಲೋಮೀಟರ್ ಮುಂದೆ ಹೋದ್ರೂ ಅದೇ ಸ್ಪೀಡಿಗೆ ಅದೇ ನಡುಕ ಬಂದ್ರೆ ರೋಡನ್ನ ಬೈಯೋದು ಬಿಡಿ.

ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ

ಇಲ್ಲೇ ನಾವೆಲ್ಲ ಯಾಮಾರೋದು. ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆದಿರ್ತಾರೆ, ಒಂದೇ ಉಸಿರಲ್ಲಿ ಹೇಳ್ತಾರೆ.

ಅಲೈನ್‌ಮೆಂಟ್ ಅಂದ್ರೆ ಚಕ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಅನ್ನೋದು. ಅದು ತಪ್ಪಿದ್ರೆ ಗಾಡಿ ಒಂದು ಕಡೆ ಎಳೆಯುತ್ತೆ, ನೇರ ಹೋಗುವಾಗಲೂ ಸ್ಟೇರಿಂಗ್ ಸೊಟ್ಟ ನಿಲ್ಲುತ್ತೆ, ಟೈರ್ ಒಂದು ಅಂಚಲ್ಲಿ ಸವೆಯುತ್ತೆ. ಚಕ್ರ ಗಾಡಿಯಲ್ಲಿದ್ದ ಹಾಗೇ ಇದನ್ನ ಮಾಡ್ತಾರೆ, ಬಿಚ್ಚಲ್ಲ. ಅದಕ್ಕೇ ನನ್ನ ರಿಮ್‌ನ ಒಳಗಿನ ಅಂಚು ಎರಡು ಅಂಗಡಿಯಲ್ಲೂ ಕಣ್ಣಿಗೆ ಬೀಳಲಿಲ್ಲ.

ಬ್ಯಾಲೆನ್ಸಿಂಗ್ ಅಂದ್ರೆ ಚಕ್ರದ ಸುತ್ತ ತೂಕ ಸಮ ಇದೆಯಾ ಅನ್ನೋದು. ಚಕ್ರ ಬಿಚ್ಚಿ ಮೆಷಿನ್ ಮೇಲೆ ತಿರುಗಿಸಿ, ಕಮ್ಮಿ ಇರೋ ಕಡೆ ಸಣ್ಣ ವೇಟ್ ಹಾಕ್ತಾರೆ. ನಡುಕಕ್ಕೆ ನೇರ ಸಂಬಂಧ ಇರೋದು ಇದಕ್ಕೆ. ಅಲೈನ್‌ಮೆಂಟ್ ತಪ್ಪಿ ತಿಂಗಳುಗಟ್ಟಲೆ ಟೈರ್ ಅಡ್ಡಾದಿಡ್ಡಿ ಸವೆದಿದ್ರೆ, ಆ ಸವೆದ ಟೈರ್ ಅದುರಿಸುತ್ತೆ, ನಿಜ. ಆಗ ಅಲೈನ್‌ಮೆಂಟ್ ಸರಿ ಮಾಡಿದ್ರೂ ಸವೆದ ಟೈರ್ ದುಂಡಗಾಗಲ್ಲ.

ಮನೆ ಮುಂದೆ ಹತ್ತು ನಿಮಿಷ

ಬೆಳಗ್ಗೆ, ಗಾಡಿ ತಣ್ಣಗಿರುವಾಗ, ಸಮ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಫೋನ್ ಟಾರ್ಚ್ ಸಾಕು.

ಮೊದಲು ಗಾಳಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲೋ, ಗಾಡಿ ಪುಸ್ತಕದಲ್ಲೋ ಇರುತ್ತೆ. ಬಂಕ್ ಹುಡುಗ ಕೇಳಿದಾಗ ಬಾಯಿಗೆ ಬಂದ ನಂಬರ್ ಹೇಳ್ಬೇಡಿ. ಗಾಳಿ ಕಮ್ಮಿ ಇರೋ ಟೈರ್ ಓಡುವಾಗ ಹೆಚ್ಚು ಬಾಗುತ್ತೆ, ಬಾಗಿದಷ್ಟೂ ಬಿಸಿಯಾಗುತ್ತೆ. ಮಧ್ಯಾಹ್ನದ ಬಿಸಿಲಲ್ಲಿ 100ರಲ್ಲಿ ಟೈರ್ ಒಡೆಯೋದಕ್ಕೆ ಅದೊಂದು ದೊಡ್ಡ ಕಾರಣ.

ಆಮೇಲೆ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಗಾಡಿ ಆಫ್ ಮಾಡಿ, ಇಳಿದು ಮುಂದಿನ ಟೈರ್‌ನ ಒಳಭಾಗ ನೋಡಿ. ಇನ್ನೊಂದು ಕಡೆಗೂ ಹಾಗೇ. ಉಬ್ಬು, ಸೀಳು, ಹೊರಬಂದ ತಂತಿ, ಬಗ್ಗಿದ ರಿಮ್ ಅಂಚು ಇದೆಯಾ ಅಂತ. ರಿಮ್ ಮೇಲೆ ಧೂಳಿನ ನಡುವೆ ಚೌಕದ ಒಂದು ಸ್ವಚ್ಛ ಗುರುತು ಕಂಡ್ರೆ ಅಲ್ಲಿದ್ದ ವೇಟ್ ಬಿದ್ದುಹೋಗಿದೆ.

ಮಳೆಗಾಲದಲ್ಲಿ ತೋಟ, ಹೊಲಕ್ಕೆ ಗಾಡಿ ಒಯ್ಯೋರು ರಿಮ್ ಒಳಗಡೆ ನೋಡಲೇಬೇಕು. ಒಂದು ಹಿಡಿ ಕೆಸರು ಅಂಟಿ ಒಣಗಿದ್ರೆ ಸಾಕು, ನಡುಕಕ್ಕೆ ಬೇರೆ ಕಾರಣ ಬೇಡ. ನೀರು ಹಾಕಿ ತೊಳೆದ್ರೆ ರಿಪೇರಿ ಮುಗೀತು, ಖರ್ಚು ಸೊನ್ನೆ. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯ ಟೈರ್ ಕೆಳಗೆ ಚಪ್ಪಟೆಯಾಗಿರುತ್ತೆ. ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ಆ ನಡುಕ ಸಾಮಾನ್ಯವಾಗಿ ತಾನೇ ಹೋಗುತ್ತೆ.

ಟೈರ್ ಗೋಡೆ ಮೇಲೆ ಡಿಒಟಿ ಅನ್ನೋ ಅಕ್ಷರ ಹುಡುಕಿ, ಅದರ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ರೆ 2019ರ 23ನೇ ವಾರ ಮಾಡಿದ್ದು. ಗುಂಡಿ ಚೆನ್ನಾಗಿದ್ರೂ ರಬ್ಬರ್‌ಗೆ ವಯಸ್ಸಾಗುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಇದನ್ನ ಮೊದಲು ನೋಡಿ. ಕಚ್ಚುಗಳ ಆಳ 1.6 ಮಿಲಿಮೀಟರ್‌ಗೆ ಬಂದಿದ್ರೆ ಟೈರ್ ಆಯಸ್ಸು ಮುಗೀತು. ಕೊನೆಗೆ ವೀಲ್ ಸ್ಪ್ಯಾನರ್ ಹಿಡಿದು ನಾಲ್ಕೂ ಚಕ್ರದ ನಟ್ ಬಿಗಿ ಇದೆಯಾ ನೋಡಿ.

ಇವು ಕಂಡ್ರೆ ಎಕ್ಸ್‌ಪ್ರೆಸ್‌ವೇ ಹತ್ತಲೇಬೇಡಿ

ಟೈರ್ ಉಬ್ಬಿದ್ರೆ ಒಳಗಿನ ದಾರ ತುಂಡಾಗಿದೆ, ಗಾಳಿಯನ್ನ ಬರೀ ರಬ್ಬರ್ ಹಿಡಿದಿದೆ ಅಂತ ಅರ್ಥ. ಇದಕ್ಕೆ ಪಂಕ್ಚರ್ ಇಲ್ಲ, ಪ್ಯಾಚ್ ಇಲ್ಲ. ಟೈರ್ ಬದಲಾಯಿಸಬೇಕು. ನಟ್ ಸಡಿಲ ಆಗಿದ್ರೆ, ನಡುಕದ ಜೊತೆ ಟಕಟಕ ಸದ್ದು ಇದ್ರೆ ಅಲ್ಲೇ ನಿಲ್ಲಿಸಿ. 20-30ರಲ್ಲೇ ಗಾಡಿ ಎಮ್ಮೆ ನಡೆದಂಗೆ ಓಲಾಡಿದ್ರೆ ಟೈರ್‌ನ ಒಳಪದರ ಬಿಟ್ಟಿರೋ ಸಾಧ್ಯತೆ ಇದೆ. ನಿನ್ನೆ ಇಲ್ಲದ ನಡುಕ ಇವತ್ತು ಇದ್ದಕ್ಕಿದ್ದಂತೆ ಬಂದು, ಕಿಲೋಮೀಟರ್‌ಗೆ ಕಿಲೋಮೀಟರ್ ಜಾಸ್ತಿ ಆಗ್ತಾ ಇದ್ರೂ ಅಷ್ಟೇ, ಮುಂದೆ ಹೋಗ್ಬೇಡಿ.

ಸ್ಟೆಪ್ನಿ ಹಾಕ್ಕೊಂಡ್ರೆ ಅದರ ಮೇಲಿನ ಸ್ಟಿಕ್ಕರ್ ಓದಿ. ಎಷ್ಟೋ ಕಾರಲ್ಲಿ ಸ್ಟೆಪ್ನಿ ಚಿಕ್ಕದಿರುತ್ತೆ, 80ಕ್ಕಿಂತ ಮೇಲೆ ಹೋಗಬಾರದು ಅಂತ ಬರೆದಿರುತ್ತೆ.

ಓಡುವಾಗಲೇ ಟೈರ್ ಒಡೆದ್ರೆ? ಬ್ರೇಕ್ ಒದೆಯಬೇಡಿ. ಸ್ಟೇರಿಂಗ್ ಎರಡೂ ಕೈಯಲ್ಲಿ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ನಿಧಾನಕ್ಕೆ ಕಾಲು ತೆಗೆಯಿರಿ. ವೇಗ ಇಳಿದ ಮೇಲೆ ಎಡಕ್ಕೆ ತಗೊಂಡು ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ. ಎಲ್ಲರೂ ಇಳಿದು ಕಬ್ಬಿಣದ ತಡೆಬೇಲಿಯ ಆಚೆ ನಿಲ್ಲಿ, ಗಾಡಿ ಹಿಂದೆ ನಿಲ್ಲಬೇಡಿ. ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112. ಎರಡೂ ಈಗಲೇ ಸೇವ್ ಮಾಡ್ಕೊಳ್ಳಿ.

ಅಂಗಡಿಯಲ್ಲಿ ಏನು ಕೇಳಬೇಕು?

ನೇರವಾಗಿ ಹೀಗೆ ಹೇಳಿ: "ಅಣ್ಣಾ, 85ರಿಂದ 95ರ ನಡುವೆ ಸ್ಟೇರಿಂಗ್ ಅದುರುತ್ತೆ. ಬ್ರೇಕ್ ಹಿಡಿದ್ರೆ ಬದಲಾಗಲ್ಲ. ಮೊದಲು ನಾಲ್ಕೂ ಚಕ್ರ ಬಿಚ್ಚಿ ಬ್ಯಾಲೆನ್ಸಿಂಗ್ ಮೆಷಿನ್‌ಗೆ ಹಾಕಿ, ನಾನೂ ನೋಡ್ತೀನಿ."

ಚಕ್ರ ತಿರುಗುವಾಗ ರಿಮ್ ಅಂಚಿನ ಮೇಲೆ ಕಣ್ಣಿಡಿ. ಅಂಚು ಹೊರಳಾಡಿದ್ರೆ ರಿಮ್ ಬಗ್ಗಿದೆ. ರಿಮ್ ನೆಟ್ಟಗಿದ್ದು ಟೈರ್ ಏರಿಳಿದ್ರೆ ಟೈರ್ ಕೆಟ್ಟಿದೆ. ಹಳೇ ವೇಟ್ ಕಿತ್ತು, ಹೊಸದು ಹಾಕಿ, ಇನ್ನೊಮ್ಮೆ ತಿರುಗಿಸಿ ಒಳಗೂ ಹೊರಗೂ ಸೊನ್ನೆ ತೋರಿಸಬೇಕು. ಸಣ್ಣ ಕಾರಿನ ಒಂದೇ ಚಕ್ರಕ್ಕೆ ಮೆಷಿನ್ ನೂರು ಗ್ರಾಂ ಹತ್ತಿರ ಕೇಳ್ತಾ ಇದ್ರೆ, ವೇಟ್ ಅಂಟಿಸಿ ಸುಮ್ಮನಾಗಬೇಡಿ, ಯಾಕೆ ಅಂತ ಕೇಳಿ. ಟೈರ್ ಬದಲಾಯಿಸಿದ್ರೆ ಒಂದೇ ಆಕ್ಸಲ್‌ಗೆ ಜೋಡಿಯಾಗಿ ಹಾಕಿಸಿ. ಪಂಕ್ಚರ್‌ಗೆ ಟೈರನ್ನ ರಿಮ್‌ನಿಂದ ಬಿಚ್ಚಿದ್ರೆ ಬ್ಯಾಲೆನ್ಸಿಂಗ್ ಮತ್ತೆ ಆಗಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ 50-100 ಕಿಲೋಮೀಟರ್ ಓಡಿಸಿ ನಟ್ ಇನ್ನೊಮ್ಮೆ ಬಿಗಿ ಮಾಡಿಸಿ.

ಇದಾದ ಮೇಲೂ ಅದುರಿದ್ರೆ ಬುಷ್, ಬಾಲ್ ಜಾಯಿಂಟ್, ಡಿಸ್ಕ್, ಶಾಫ್ಟ್ ಕಡೆಗೆ ಹೋಗಿ. ಕಮ್ಮಿ ಖರ್ಚಿನಿಂದ ಜಾಸ್ತಿ ಖರ್ಚಿಗೆ ಹೋಗಬೇಕು, ಉಲ್ಟಾ ಅಲ್ಲ.

ನನ್ನ ಲೆಕ್ಕ

ಬಿಕಾಂ ಅಲ್ವಾ, ಲೆಕ್ಕ ಕೊಡದೆ ಮುಗಿಸೋದು ಹೇಗೆ. ಬೇಡದ ಅಲೈನ್‌ಮೆಂಟ್ ಎರಡು ಸಲ, 900. ಎರಡು ಟೈರ್ 8,600. ಒಂದು ರಿಮ್ 1,700. ನಾಲ್ಕು ಚಕ್ರದ ಬ್ಯಾಲೆನ್ಸಿಂಗ್ 480. ನಿಜವಾದ ರಿಪೇರಿ 10,780 ರೂಪಾಯಿ. ಸಣ್ಣ ಮೊತ್ತ ಅಲ್ಲ. ಆದ್ರೆ ಆ 14 ಸಾವಿರ ಕೊಟ್ಟಿದ್ರೆ, ದುಡ್ಡೂ ಹೋಗಿ, ಉಬ್ಬಿದ ಟೈರ್ ಅದೇ ಜಾಗದಲ್ಲಿ ಇರ್ತಿತ್ತು.

ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 1999ರ ಕೊನೆಯಿಂದ ಕಾರು ತಯಾರಾಗಿ ಹೊರಗೆ ಬರ್ತಾ ಇವೆ. ಕಾರು ಮಾಡೋ ಊರಿನವರು ನಾವು. ನಮ್ಮ ಗಾಡಿ ಏನು ಹೇಳ್ತಿದೆ ಅಂತ ಕೇಳಿಸ್ಕೊಳ್ಳೋಕೆ ಮಾತ್ರ ಕಲಿತಿಲ್ಲ.

ಮೊನ್ನೆ ಮತ್ತೆ ಮೈಸೂರಿಗೆ ಹೋದ್ವಿ. ಚನ್ನಪಟ್ಟಣ ಬೈಪಾಸ್‌ನಲ್ಲಿ 90 ಆಯ್ತು, ಸ್ಟೇರಿಂಗ್ ಅಲ್ಲಾಡಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, "ರೋಡು ಸರಿ ಮಾಡವ್ರೆ ಕಣ್ಲಾ" ಅಂದ್ರು. ನಾನು ಹೂಂ ಅಂದೆ.

ನಿಮ್ಮ ಗಾಡಿ ಅದುರ್ತಾ ಇದ್ರೆ ಆ ಮೂರು ಪ್ರಶ್ನೆಗೆ ಉತ್ತರ ಹೇಳಿ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ನನ್ನ ಟೈರ್ ಗೆಳೆಯನನ್ನ ಕೂರಿಸ್ಕೊಂಡು ಉತ್ತರ ಕೊಡಿಸ್ತೀನಿ. ಹೆಸರು ಮಾತ್ರ ಆಗಲೂ ಹೇಳಲ್ಲ. ಹುಷಾರಾಗಿ ಹೋಗಿ ಬನ್ನಿ.